ಉಸಿರನ್ನು ಎಣಿಸಲು ಬಲ್ಲಿರಾ?

ಪದವಿ ಪರೀಕ್ಷೆಗೆ ಕುಳಿತುಕೊಳ್ಳಲಿರುವವರನ್ನು ಇಂಥ ಪ್ರಶ್ನೆ ಕೇಳುವುದು ಅವರ ಯೋಗ್ಯತೆಗೆ ಅವಮಾನ ಮಾಡಿದಂತೆ ಎಂದು ವಾಚಕರು ಭಾವಿಸಬಹುದು. ಒಂದರಿಂದ ಎಂಬತ್ತರವರೆಗೆ ಎಣಿಸಬೇಕಾದ ಲೆಕ್ಕ ಇದು; ಎರಡನೆಯ ತರಗತಿಯ ಹುಡುಗನೂ ಮಾಡಬಲ್ಲನು. ಆದರೆ ಹೋದ ವರ್ಷ ಮಾರ್ಗಶಿರ ಮಾಸದ ಒಂದು ರಾತ್ರಿ, ಇದೇ ಕಾಲೇಜಿನಲ್ಲಿ ಎರಡು ವರ್ಷ ಓದಿ ಮೂರನೆಯ ವರ್ಷಕ್ಕೆ ಕಾಲಿಟ್ಟಿದ್ದ ನನಗೆ ಆ ಲೆಕ್ಕ ಬರಲಿಲ್ಲ. ಇದು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಯೇನಲ್ಲ. ಆದರೂ ಹೇಳುವುದರಿಂದ ನಾಲ್ಕು ಮಂದಿಗೆ ಉಪಯೋಗವಾಗುವುದಾದರೆ ನಾಚಿಕೆಯನ್ನು ಬದಿಗಿಡಬಹುದೆಂದು ಬರೆಯಹೊರಟಿದ್ದೇನೆ.

ನಮ್ಮಕ್ಕ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಮಗುವಿಗೆ ಆಗ ನಾಲ್ಕು ತಿಂಗಳು. ಬಾಣಂತಿಯ ಕೋಣೆ ಹೇಗಿರುತ್ತದೆಂಬುದನ್ನು ಹಳ್ಳಿಯಿಂದ ಬಂದ ಮಿತ್ರರಿಗೆ ವರ್ಣಿಸಬೇಕಾದುದಿಲ್ಲ. ಕಿಟಕಿ ಮುಚ್ಚಿರುತ್ತದೆ, ಬಾಗಿಲಿಗೆ ಹಳೆಯ ಕಂಬಳಿ ಇಳಿಬಿಟ್ಟಿರುತ್ತದೆ, ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಮಗುವಿಗೆ ನೀರು ಹಾಕಿ ತಂದ ಮೇಲೆ ಸಾಂಬ್ರಾಣಿಯ ಹೊಗೆ. ಒಳಗೆ ಹೋದವರಿಗೆ ಕಣ್ಣುರಿದು ನೀರು ಬರುತ್ತದೆ. ಚಳಿ ಗಾಳಿ ತಾಗದಿರಲಿ ಎಂಬ ಪ್ರೀತಿಯೇ ಈ ಏರ್ಪಾಡಿಗೆಲ್ಲ ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಮಗುವಿಗೆ ಮೂರು ದಿನಗಳಿಂದ ನೆಗಡಿ, ಕೆಮ್ಮು. ಪೇಟೆಯ ಔಷಧದ ಅಂಗಡಿಗೆ ಹೋಗಿ, ಡಾಕ್ಟರ ಚೀಟಿಯಿಲ್ಲದೆಯೇ ಒಂದು ಸೀಸೆ ಕೆಮ್ಮಿನ ಔಷಧ ತಂದುಕೊಟ್ಟವನು ನಾನೇ. ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಔಷಧವನ್ನು ಬರೆಯಲೂ ಬಾರದು, ಕೊಡಲೂ ಬಾರದು ಎಂದು ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2025ರ ಅಕ್ಟೋಬರಿನಲ್ಲಿ ಸೂಚನೆ ಹೊರಡಿಸಿತೆಂಬುದು ನನಗೆ ತಿಳಿದದ್ದು ಆಮೇಲೆ. ನಾಲ್ಕನೆಯ ದಿನ ಸಂಜೆ ನಾನು ರಾಜ್ಯಶಾಸ್ತ್ರದ ಟಿಪ್ಪಣಿಗಳನ್ನು ಹರಡಿಕೊಂಡು ಮಗುವಿನ ತೊಟ್ಟಿಲ ಬಳಿಯಲ್ಲೇ ಕುಳಿತಿದ್ದೆ. ಅಜ್ಜಿ ಬಂದು ತೊಟ್ಟಿಲೊಳಗೆ ಬಗ್ಗಿ ನೋಡಿ, “ಮಗೀನ ಉಸುರು ಯಾಕೋ ನೆಟ್ಟಗಿಲ್ಲ ಕಣಪ್ಪ. ಪಕ್ಕೆ ಎಳೀತಾ ಐತೆ ನೋಡು” ಎಂದಳು.

ನಾನು ನೋಡಿದೆ. ನೋಡಿದೆ ಎಂದರೆ, ತಲೆಯೆತ್ತಿದೆ ಅಷ್ಟೆ. “ನೆಗಡಿ ಆದಾಗ ಹಂಗೇ ಇರುತ್ತೆ ಅಜ್ಜಿ. ಬೆಳಿಗ್ಗೆ ನೋಡೋಣ” ಎಂದೆ. ಮನೆಯಲ್ಲಿ ನಾಲ್ಕಕ್ಷರ ಹೆಚ್ಚಿಗೆ ಬಲ್ಲವನು ನಾನು. ನಾನು ಹೇಳಿದ ಮೇಲೆ ಅಪ್ಪ ಸುಮ್ಮನಾದರು, ಅಕ್ಕ ಸುಮ್ಮನಾದಳು, ಅಜ್ಜಿಯೂ ಗೊಣಗಿಕೊಂಡು ಸುಮ್ಮನಾದಳು.

ಬೆಳಗಿನ ಜಾವದ ಹೊತ್ತಿಗೆ ಮಗು ಮೊಲೆ ಹಿಡಿಯಲಿಲ್ಲ. ತುಟಿಯ ಸುತ್ತ ನೀಲಿ ಕಟ್ಟಿತ್ತು. ಪ್ರತಿ ಉಸಿರಿಗೂ ನರಳಿದಂತೆ ಸಣ್ಣ ಸದ್ದು ಬರುತ್ತಿತ್ತು. 108ರ ವಾಹನಕ್ಕೆ ಫೋನು ಮಾಡಿ ಆಸ್ಪತ್ರೆ ಸೇರಿದಾಗ ಸೂರ್ಯ ಹುಟ್ಟಿದ್ದ. ಡಾಕ್ಟರಮ್ಮ ಮಗುವಿನ ಅಂಗಿಯನ್ನು ಮೇಲಕ್ಕೆ ಸರಿಸಿ ನೋಡಿದರು, ಆಮ್ಲಜನಕದ ನಳಿಕೆ ಹಾಕಿಸಿದರು, ಸೂಜಿಮದ್ದು ಕೊಡಿಸಿದರು. ಅದೆಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, “ಏನು ಓದುತ್ತಿದ್ದೀರಿ?” ಎಂದು ಕೇಳಿದರು.

“ಬಿ.ಎ., ಮೇಡಂ.”

“ಕೈಯಲ್ಲಿ ಗಡಿಯಾರ ಇದೆಯಲ್ಲ. ಹೊಟ್ಟೆ ಏರಿ ಇಳಿಯುವುದನ್ನು ನೋಡಿಕೊಂಡು ಒಂದು ನಿಮಿಷ ಉಸಿರು ಎಣಿಸಿ.”

ಎಣಿಸಿದೆ. ಎಪ್ಪತ್ತೆರಡು ಬಂದಿತು.

“ಈ ವಯಸ್ಸಿಗೆ ಐವತ್ತು ಮುಟ್ಟಿದರೆ ಸಾಕು, ಕರೆದುಕೊಂಡು ಬರಬೇಕು. ಇದನ್ನು ನಿನ್ನೆ ಸಂಜೆಯೇ ಎಣಿಸಬಹುದಾಗಿತ್ತು” ಎಂದಷ್ಟೇ ಹೇಳಿ ಅವರು ಮುಂದಿನ ಹಾಸಿಗೆಗೆ ಹೋದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಮುಂದಿನ ಹಾಸಿಗೆಯ ಮಗುವಿನ ಹೊಟ್ಟೆಯ ಮೇಲೆ ಬರೆ ಹಾಕಿದ ಗುರುತುಗಳಿದ್ದವು. ಪಕ್ಕೆ ಎಳೆಯುವ ಮಗುವಿಗೆ ಕಾಯಿಸಿದ ಬಳೆಯಿಂದಲೋ ಕಡ್ಡಿಯಿಂದಲೋ ಬರೆ ಹಾಕಿದರೆ ರೋಗ ಬಿಡುತ್ತದೆಂಬ ನಂಬಿಕೆ ನಮ್ಮ ನಾಡಿನ ಕೆಲವು ಕಡೆಗಳಲ್ಲಿ ಇನ್ನೂ ಹೋಗಿಲ್ಲ. ಆ ಗುರುತುಗಳನ್ನು ಕಂಡೊಡನೆ ವಿದ್ಯಾವಂತನೆಂಬ ಅಹಂಕಾರದಿಂದ ‘ಎಂಥ ಅಜ್ಞಾನ!’ ಎಂದುಕೊಂಡೆ. ಎರಡು ದಿನಗಳ ಮೇಲೆ ಆ ಹಾಸಿಗೆ ಬರಿದಾಯಿತು. ಆ ತಾಯಿ ಬರಿಗೈಯಲ್ಲಿ ಹೊರಟು ಹೋದುದನ್ನು ಕಂಡಾಗ ಒಂದು ವಿಚಾರ ನನ್ನನ್ನು ಕಾಡತೊಡಗಿತು. ಆಕೆ ಮಾಡಿದ ಉಪಾಯ ಕ್ರೂರವಾದುದು, ತಪ್ಪಾದುದು. ಆದರೆ ಮಗುವಿನ ಪಕ್ಕೆ ಎಳೆಯುತ್ತಿದೆ ಎಂಬುದನ್ನು ಆಕೆ ಕಂಡಿದ್ದಳು. ನಮ್ಮಜ್ಜಿಯೂ ಕಂಡಿದ್ದಳು. ತೊಟ್ಟಿಲಿಗೆ ಮೊಳದ ದೂರದಲ್ಲಿ ಕುಳಿತಿದ್ದ ನಾನು ಕಾಣಲಿಲ್ಲ. ಕಂಡವರಿಗೆ ಮುಂದೇನು ಮಾಡಬೇಕೆಂದು ತಿಳಿದಿರಲಿಲ್ಲ, ತಿಳಿದುಕೊಳ್ಳಬಹುದಾಗಿದ್ದವನು ಕಾಣಲಿಲ್ಲ. ಈ ಎರಡರ ನಡುವಿನ ಹಳ್ಳದಲ್ಲಿ ನಮ್ಮ ದೇಶದ ಎಷ್ಟು ಮಕ್ಕಳು ಬೀಳುತ್ತಿದ್ದಾರೆ!

ನಮ್ಮ ಮಗು ಬದುಕಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು. ಅದಕ್ಕೆ ಬಂದಿದ್ದುದು ನ್ಯುಮೋನಿಯಾ. ಅಂದಿನಿಂದ ನಾನು ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನು ಓದಿದ್ದೇನೆ, ಬಲ್ಲವರನ್ನು ಕೇಳಿದ್ದೇನೆ. ವೈದ್ಯನ ಅಧಿಕಾರ ನನಗಿಲ್ಲ. ಆದರೆ ಯಾರಾದರೂ ಅರಿಯಬಹುದಾದಷ್ಟನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಶ್ವಾಸಕೋಶಗಳಲ್ಲಿ ಕೋಟ್ಯಂತರ ಸಣ್ಣ ಗಾಳಿಗೂಡುಗಳಿವೆ. ನ್ಯುಮೋನಿಯಾ ಆದಾಗ ಅವುಗಳಲ್ಲಿ ಕೆಲವು ಗಾಳಿಗೆ ಬದಲು ಕೀವು, ನೀರುಗಳಿಂದ ತುಂಬಿಕೊಳ್ಳುತ್ತವೆ. ಮೆತ್ತಗಿದ್ದ ಶ್ವಾಸಕೋಶ ಬಿರುಸಾಗುತ್ತದೆ. ಆಳವಾಗಿ ಉಸಿರೆಳೆಯುವುದು ಕಷ್ಟವಾಗಿ ಮಗು ಸಣ್ಣ ಸಣ್ಣ ಉಸಿರನ್ನು ಬೇಗ ಬೇಗ ಎಳೆಯುತ್ತದೆ. ಇನ್ನೂ ಹೆಚ್ಚಾದಾಗ ಬಲವಾಗಿ ಎಳೆಯಬೇಕಾಗುತ್ತದೆ. ಎಳೆಯ ಮಗುವಿನ ಎದೆಗೂಡು ಗಟ್ಟಿಯಾಗಿರುವುದಿಲ್ಲವಾದುದರಿಂದ ಉಸಿರು ಒಳಕ್ಕೆ ಹೋಗುವಾಗ ಎದೆಯ ಕೆಳಭಾಗ ಒಳಕ್ಕೆ ಕುಸಿಯುತ್ತದೆ. ನಮ್ಮ ಹಳ್ಳಿಯವರು ‘ಪಕ್ಕೆ ಎಳೆಯುವುದು’ ಎನ್ನುವುದು ಇದನ್ನೇ. ಎಳೆಯ ಮಕ್ಕಳ ಉಸಿರಿನ ನಳಿಕೆಗಳಾದರೋ ಬಹಳ ಸಣ್ಣವು. ನಳಿಕೆಯ ಅಗಲ ಅರ್ಧಕ್ಕಿಳಿದರೆ ಗಾಳಿಯ ಹರಿವಿಗೆ ಅಡ್ಡಿ ಎರಡು ಪಟ್ಟಲ್ಲ, ಹದಿನಾರು ಪಟ್ಟಾಗುತ್ತದೆಂದು ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ದೊಡ್ಡವರಿಗೆ ಬರಿಯ ನೆಗಡಿಯೆನಿಸಿದ್ದು ಹಸುಗೂಸಿಗೆ ಪ್ರಾಣಸಂಕಟವಾಗುವುದು ಹೀಗೆ.

ಪ್ರಪಂಚದಲ್ಲಿ 2019ನೆಯ ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ನ್ಯುಮೋನಿಯಾದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ವಯಸ್ಸಿನ ಮಕ್ಕಳ ಒಟ್ಟು ಸಾವುಗಳಲ್ಲಿ ಇದು ನೂರಕ್ಕೆ 14 ಪಾಲು. ಇಷ್ಟು ಮಕ್ಕಳು ಸಾಯುವುದು ಈ ರೋಗಕ್ಕೆ ಮದ್ದಿಲ್ಲವೆಂದೇ? ಹಾಗಲ್ಲವೆಂಬುದೇ ದುಃಖದ ಸಂಗತಿ.

ಉಸಿರಾಟದ ತೊಂದರೆಯಲ್ಲೇ ಇನ್ನೊಂದು ಬಗೆಯ ಉದಾಹರಣೆಯೊಡನೆ ಇದನ್ನು ಹೋಲಿಸಿ ನೋಡೋಣ. 1963ರ ಆಗಸ್ಟ್ 7ರಂದು ಅಮೆರಿಕದ ಅಂದಿನ ಅಧ್ಯಕ್ಷ ಕೆನೆಡಿಯವರಿಗೆ ಒಂದು ಗಂಡುಮಗು ಐದು ವಾರಗಳಿಗಿಂತ ಮುಂಚಿತವಾಗಿಯೇ ಹುಟ್ಟಿತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಗಾಳಿಗೂಡುಗಳು ಉಸಿರು ಬಿಟ್ಟಾಗಲೆಲ್ಲ ಅಂಟಿಕೊಂಡು ಮುಚ್ಚಿಕೊಳ್ಳುತ್ತವೆ. ಅವುಗಳನ್ನು ತೆರೆದಿಡುವ ನೊರೆಯಂಥ ಒಂದು ದ್ರವ್ಯ ಆ ಮಕ್ಕಳಲ್ಲಿ ಸಾಲದಾಗಿರುವುದೇ ಕಾರಣವೆಂದು ಡಾಕ್ಟರ್ ಮೇರಿ ಎಲೆನ್ ಏವರಿ ಎಂಬಾಕೆ 1959ರಲ್ಲೇ ತೋರಿಸಿಕೊಟ್ಟಿದ್ದರು. ಆದರೆ ಕಾರಣ ತಿಳಿದಿತ್ತೇ ಹೊರತು ಮದ್ದು ಇನ್ನೂ ಕೈಗೆ ಬಂದಿರಲಿಲ್ಲ. ಪ್ರಪಂಚದ ಅತ್ಯಂತ ಬಲಶಾಲಿ ಎನಿಸಿದ ತಂದೆ ಆಸ್ಪತ್ರೆಯಲ್ಲಿ ನೋಡುತ್ತಿದ್ದಂತೆಯೇ, ಹುಟ್ಟಿದ 39 ಗಂಟೆಗಳಲ್ಲಿ ಆ ಮಗು ತೀರಿಕೊಂಡಿತು. 1980ರಲ್ಲಿ ಜಪಾನಿನ ಡಾಕ್ಟರ್ ಫುಜಿವಾರ ಅವರು ಆ ದ್ರವ್ಯವನ್ನು ಅಂಥ ಹತ್ತು ಮಕ್ಕಳ ಶ್ವಾಸಕೋಶಕ್ಕೆ ಕೊಟ್ಟು ಗುಣ ಕಂಡುದನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಅಂಥ ಮಕ್ಕಳ ಹಣೆಬರಹ ಬದಲಾಯಿತು.

ಕೆನೆಡಿಯ ಮಗು ಸತ್ತದ್ದು ಮನುಷ್ಯಕುಲಕ್ಕೆ ಉಪಾಯ ತಿಳಿದಿರಲಿಲ್ಲವೆಂದು. ಆಸ್ಪತ್ರೆಯಲ್ಲಿ ನಮ್ಮ ಪಕ್ಕದಲ್ಲಿದ್ದ ಮಗು ಸತ್ತದ್ದು ಉಪಾಯ ತಿಳಿದಿದ್ದೂ ಅದು ಆ ಮನೆಯ ಹೊಸ್ತಿಲನ್ನು ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲವೆಂದು. ಮೊದಲನೆಯದು ವಿಜ್ಞಾನಿಗಳ ಸೋಲು. ಎರಡನೆಯದು ಯಾರ ಸೋಲು?

ಉಪಾಯ ಎಷ್ಟು ಸರಳವೆಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷ್ಯವಿದೆ. ಎಕ್ಸ್-ರೇ, ಸ್ಟೆತಾಸ್ಕೋಪುಗಳಿಲ್ಲದೆಯೇ, ಉಸಿರಿನ ವೇಗ ಮತ್ತು ಎದೆಯ ಸೆಳೆತ ಇವೆರಡರಿಂದಲೇ ಈ ರೋಗವನ್ನು ಗುರುತಿಸುವ ವಿಚಾರವನ್ನು 1984ರಲ್ಲಿ ಪಪುವಾ ನ್ಯೂಗಿನಿಯಲ್ಲಿ ಕೆಲಸ ಮಾಡುತ್ತಿದ್ದ ವೈದ್ಯರು ಪ್ರಕಟಿಸಿದರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ವೈದ್ಯರು ಅಲ್ಲಿನ ಮಕ್ಕಳಲ್ಲಿ ಅದನ್ನು ಪರೀಕ್ಷಿಸಿ, ಈ ಲಕ್ಷಣಗಳನ್ನು ನಂಬಬಹುದೆಂದು 1988ರಲ್ಲಿ ತೋರಿಸಿದರು. ಅದೇ ಸುಮಾರಿಗೆ ಮಹಾರಾಷ್ಟ್ರದ ಕಾಡುಜಿಲ್ಲೆಯಾದ ಗಡಚಿರೋಲಿಯಲ್ಲಿ ಡಾಕ್ಟರ್ ಅಭಯ್ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಈ ಕೆಲಸ ಕಲಿಸಿದರು. ಸೂಲಗಿತ್ತಿಯರಲ್ಲಿ ಅನೇಕರಿಗೆ ಓದುಬರಹವಿರಲಿಲ್ಲ. ಐವತ್ತರವರೆಗೆ ಎಣಿಸಲೂ ಬರುತ್ತಿರಲಿಲ್ಲ. ಅವರಿಗಾಗಿ ಮರಳಿನ ಗಡಿಯಾರವೊಂದನ್ನೂ ಮಣಿಗಳ ಸಾಲನ್ನೂ ಜೋಡಿಸಿದ ಸಣ್ಣ ಸಾಧನ ಮಾಡಿಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಸುರಿದು ಮುಗಿಯುವುದರೊಳಗೆ ಕೆಂಪು ಮಣಿಯನ್ನು ಸರಿಸಬೇಕಾಗಿ ಬಂದರೆ ಅದು ನ್ಯುಮೋನಿಯಾ. ಈ ತರಬೇತಿ ಮತ್ತು ಔಷಧ ದೊರೆತ ಹಳ್ಳಿಗಳಲ್ಲಿ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಸಂಖ್ಯೆ ಉಳಿದ ಹಳ್ಳಿಗಳಿಗಿಂತ ಅರ್ಧಕ್ಕೂ ಕಡಮೆಯಾಯಿತೆಂದು 1990ರಲ್ಲಿ ಪ್ರಕಟವಾದ ಅವರ ವರದಿ ತಿಳಿಸುತ್ತದೆ.

ಅಕ್ಷರ ಬಾರದ ಸೂಲಗಿತ್ತಿ ಮಣಿ ಸರಿಸಿ ಮಕ್ಕಳನ್ನು ಉಳಿಸಿದಳು. ಅಕ್ಷರ ಬಲ್ಲ ನಾನು ಟಿಪ್ಪಣಿಯ ಹಾಳೆ ಮಗುಚುತ್ತಿದ್ದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ಲೆಕ್ಕವನ್ನು ಇಲ್ಲಿ ಬರೆದುಬಿಡುತ್ತೇನೆ. ನಾಲ್ಕು ಸಾಲಿಗಿಂತ ಹೆಚ್ಚಿಲ್ಲ. ಮಗು ಅಳದೆ, ಹಾಲು ಕುಡಿಯದೆ, ಶಾಂತವಾಗಿರುವಾಗ ಅಂಗಿಯನ್ನು ಮೇಲಕ್ಕೆತ್ತಿ, ಹೊಟ್ಟೆ ಅಥವಾ ಎದೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40—ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರು; ಎರಡು ತಿಂಗಳೊಳಗಿನ ಕೂಸಿಗಾದರೆ ಮತ್ತೊಮ್ಮೆ ಎಣಿಸಿ ನೋಡಬೇಕು. ಕೆಮ್ಮು ನೆಗಡಿಯೊಡನೆ ವೇಗದ ಉಸಿರಿದ್ದರೆ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ಎರಡು ತಿಂಗಳೊಳಗಿನ ಕೂಸನ್ನಾದರೆ ನೆಟ್ಟಗೆ ಆಸ್ಪತ್ರೆಗೇ ಒಯ್ಯತಕ್ಕದ್ದು. ಪಕ್ಕೆ ಎಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ, ನರಳುತ್ತಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಎಣಿಸುತ್ತ ಕೂರದೆ ಆ ಗಳಿಗೆಯೇ ಹೊರಡಬೇಕು.

ಇದಕ್ಕೆ ಕೆಲವು ಆಕ್ಷೇಪಣೆಗಳು ಬರುವುದು ಸಹಜ. ‘ಇದು ವೈದ್ಯರ ಕೆಲಸ, ಅರೆಬೆಂದ ವಿದ್ಯೆ ಅಪಾಯ’ ಎನ್ನುವವರಿದ್ದಾರೆ. ಎಣಿಸುವುದು ಬೇರೆ, ಮದ್ದು ಕೊಡುವುದು ಬೇರೆ. ಮದ್ದು ಕೊಡಿರೆಂದು ನಾನು ಹೇಳುತ್ತಿಲ್ಲ. ಅರೆಬೆಂದ ವಿದ್ಯೆ ಎಂದರೆ ನಾನು ತಂದ ಕೆಮ್ಮಿನ ಸೀಸೆ. ಎಣಿಸಿದವನು ವೈದ್ಯರ ಕೆಲಸವನ್ನು ಕಸಿದುಕೊಳ್ಳುವುದಿಲ್ಲ. ಅವರ ಬಳಿಗೆ ಹೊತ್ತು ಮೀರದಂತೆ ಮಗುವನ್ನು ಮುಟ್ಟಿಸುತ್ತಾನೆ.

‘ಬಡತನ, ಹಸಿವು, ರಸ್ತೆಯಿಲ್ಲದ ಊರು, ಡಾಕ್ಟರಿಲ್ಲದ ಆಸ್ಪತ್ರೆ ಇವೇ ನಿಜವಾದ ಕಾರಣಗಳು, ಎಣಿಕೆಯಿಂದೇನಾದೀತು?’ ಎಂದು ನನ್ನ ಹಾಸ್ಟೆಲಿನ ಮಿತ್ರರೊಬ್ಬರು ವಾದಿಸಿದರು. ಅವರ ಮಾತನ್ನು ನಾನು ಒಪ್ಪುತ್ತೇನೆ. ನ್ಯುಮೋನಿಯಾ ಬಡವರ ಮನೆಯನ್ನೇ ಹೆಚ್ಚಾಗಿ ಹುಡುಕಿಕೊಂಡು ಹೋಗುತ್ತದೆ. ಸರ್ಕಾರ ಮಾಡಬೇಕಾದುದನ್ನು ಸರ್ಕಾರವೇ ಮಾಡಬೇಕು. ಕೆಲವನ್ನು ಮಾಡಿಯೂ ಇದೆ. ನ್ಯುಮೋನಿಯಾದ ಒಂದು ಮುಖ್ಯ ರೋಗಾಣುವನ್ನು ತಡೆಯುವ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2021ರಲ್ಲಿ ದೇಶಾದ್ಯಂತಕ್ಕೆ ವಿಸ್ತರಿಸಿತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು—ಮೂರು ಸಲ, ಒಂದು ಕಾಸಿಲ್ಲದೆ ಹಾಕುತ್ತಾರೆ. ನಮ್ಮ ಮಗುವಿಗೆ ಎರಡನೆಯದನ್ನು ಹಾಕಿಸಿರಲಿಲ್ಲ. ಮೊದಲನೆಯದು ಹಾಕಿಸಿದಾಗ ಜ್ವರ ಬಂದಿತ್ತೆಂದು ಆಮೇಲೆ ಹಾಕಿಸಿದರಾಯಿತೆಂದುಕೊಂಡೆವು. ಆಶಾ ಕಾರ್ಯಕರ್ತೆ ಎರಡು ಸಲ ಮನೆ ಬಾಗಿಲಿಗೆ ಬಂದು ಕರೆದು ಹೋಗಿದ್ದರು. ಈ ತಪ್ಪನ್ನು ಯಾವ ಸರ್ಕಾರದ ತಲೆಗೆ ಕಟ್ಟಲಿ?

ಇನ್ನು ಮೂರನೆಯದು ಸಂಪ್ರದಾಯದ ಪ್ರಶ್ನೆ. ಬಾಣಂತನದ ಪದ್ಧತಿಯನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ತಾಯಿಗೆ ವಿಶ್ರಾಂತಿ, ಮಗುವಿಗೆ ಬೆಚ್ಚಗಿನ ಮೈ, ಎದೆಹಾಲು, ಇವನ್ನೆಲ್ಲ ವೈದ್ಯರೂ ಹೇಳುತ್ತಾರೆ. ಬೇಕಾದುದು ಬಿಸುಪು, ಬೇಡವಾದುದು ಹೊಗೆ. ನಮ್ಮ ಅಜ್ಜಿಯಂದಿರು ಎರಡನ್ನೂ ಒಂದೇ ಎಂದುಕೊಂಡರು. ಕೆಂಡದ ಹೊಗೆ, ಸಾಂಬ್ರಾಣಿಯ ಹೊಗೆ, ಸೌದೆ ಒಲೆಯ ಹೊಗೆ, ಗಂಡಸರ ಬೀಡಿಯ ಹೊಗೆ, ಇವೆಲ್ಲವೂ ಎಳೆಯ ಶ್ವಾಸಕೋಶದ ಕಾವಲನ್ನು ಕೆಡಿಸಿ ರೋಗಕ್ಕೆ ಬಾಗಿಲು ತೆರೆಯುತ್ತವೆ. ಮುಚ್ಚಿದ ಕೋಣೆಯ ಕೆಂಡದಿಂದ ಏಳುವ ವಿಷಗಾಳಿಗಂತೂ ವಾಸನೆಯೂ ಇಲ್ಲ. ನೀರು ಹಾಕಿದ ಮೇಲೆ ಮೂಗಿಗೆ ಎಣ್ಣೆ ಬಿಡುವುದೂ ಹಾಗೆಯೇ. ಆ ಎಣ್ಣೆ ಶ್ವಾಸಕೋಶಕ್ಕಿಳಿದರೆ ಅದರಿಂದಲೇ ಒಂದು ಬಗೆಯ ನ್ಯುಮೋನಿಯಾ ಉಂಟಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಹೊಗೆ ಕೊಳವೆಯ ಮೂಲಕ ಹೊರಕ್ಕೆ ಹೋಗುವಂಥ ಒಲೆಯನ್ನು ನಮ್ಮ ನಾಡಿನ ಹಳ್ಳಿಗಳಿಗೆ ಕೊಟ್ಟರು. 2016ರಿಂದ ಉಜ್ವಲಾ ಯೋಜನೆಯಲ್ಲಿ ಗ್ಯಾಸೂ ಬಂದಿದೆ. ಆದರೆ ನೀರು ಕಾಯಿಸುವ ಹಂಡೆಯ ಒಲೆ ನಮ್ಮ ಮನೆಯಲ್ಲಿ ಇವತ್ತಿಗೂ ಸೌದೆಯದೇ. ನನಗೆ ಸಂಪ್ರದಾಯದ ಮೇಲೆ ಕೋಪವಿಲ್ಲ. ಸಂಪ್ರದಾಯಕ್ಕೆ ಒಂದು ಕಿಟಕಿ ತೆರೆಯಿರೆಂದಷ್ಟೇ ಬೇಡುತ್ತೇನೆ.

ಈಗ ನನ್ನ ಮುಖ್ಯವಾದ ಸೂಚನೆ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಪ್ರತಿ ವರ್ಷವೂ ಒಂದು ಹಳ್ಳಿಯಲ್ಲಿ ನಡೆಯುತ್ತದೆ. ಚರಂಡಿ ತೆಗೆಯುತ್ತೇವೆ, ಗೋಡೆಯ ಮೇಲೆ ಘೋಷಣೆ ಬರೆಯುತ್ತೇವೆ, ಸಂಜೆ ನಾಟಕವಾಡುತ್ತೇವೆ. ನಾವು ಬಂದ ಮಾರನೆಯ ವಾರವೇ ಚರಂಡಿ ಕಟ್ಟಿಕೊಳ್ಳುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಮುಂದಿನ ಶಿಬಿರದಲ್ಲಿ ಒಂದೇ ಒಂದು ಗಂಟೆಯನ್ನು ಈ ಎಣಿಕೆಗೆ ಮೀಸಲಿಡಬಾರದೇಕೆ? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ದಾದಿಯರನ್ನೋ ಕರೆಸಿ ಮೊದಲು ನಾವು ಕಲಿಯೋಣ. ಆಮೇಲೆ ಒಬ್ಬೊಬ್ಬರು ಎರಡೆರಡು ಮನೆಗೆ ಹೋಗಿ ಆ ಮನೆಯ ತಾಯಿಗೋ ಅಜ್ಜಿಗೋ ತಂದೆಗೋ ಕಲಿಸೋಣ. ಇದಕ್ಕೆ ಸಲಿಕೆ ಬೇಡ, ಬಣ್ಣ ಬೇಡ, ಅನುದಾನ ಬೇಡ. ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲು ಫೋನಿದೆ. ಅದರಲ್ಲಿ ನಿಮಿಷ ತೋರಿಸುವ ಗಡಿಯಾರವೂ ಇದೆ. ದಿನಕ್ಕೆ ಎಷ್ಟೋ ಗಂಟೆ ಅದನ್ನು ದಿಟ್ಟಿಸುವ ನಮಗೆ ಒಂದು ನಿಮಿಷ ಅದನ್ನು ಮಗುವಿನ ಪಕ್ಕದಲ್ಲಿಟ್ಟು ಮಗುವನ್ನು ದಿಟ್ಟಿಸುವುದು ಕಷ್ಟವಾಗಲಾರದು.

ನಮ್ಮ ಪೂಜ್ಯ ಅಧ್ಯಾಪಕರಲ್ಲಿಯೂ ಒಂದು ವಿನಂತಿ. ತಾವು ನಮಗೆ ಕಾವ್ಯ, ಚರಿತ್ರೆ, ಅರ್ಥಶಾಸ್ತ್ರಗಳನ್ನು ಕಲಿಸುತ್ತೀರಿ. ಅದಕ್ಕಾಗಿ ನಾವು ಋಣಿಗಳು. ಆದರೆ ನಮ್ಮಲ್ಲಿ ಬಹುಮಂದಿ ಮನೆತನದಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು. ನಾವು ಊರಿಗೆ ಹೋದಾಗ ಮನೆಯವರು ನಮ್ಮ ಮಾತಿಗೆ ನಮ್ಮ ಯೋಗ್ಯತೆಗಿಂತ ಹೆಚ್ಚು ಬೆಲೆ ಕೊಡುತ್ತಾರೆ. ‘ಬೆಳಿಗ್ಗೆ ನೋಡೋಣ’ ಎಂದು ನಾವೆಂದರೆ ಇಡೀ ಮನೆ ಬೆಳಗಿನವರೆಗೆ ಕಾಯುತ್ತದೆ. ಆ ಬೆಲೆಗೆ ತಕ್ಕ ಎಚ್ಚರವನ್ನೂ ದಯವಿಟ್ಟು ನಮಗೆ ಕಲಿಸಿಕೊಡಿ.

ಮಗು ಈಗ ಗೋಡೆ ಹಿಡಿದು ನಿಲ್ಲುತ್ತದೆ. ತಪ್ಪಿಹೋಗಿದ್ದ ಲಸಿಕೆಗಳನ್ನೆಲ್ಲ ಹಾಕಿಸಿದ್ದಾಯಿತು. ಅಜ್ಜಿಗೆ ಇಪ್ಪತ್ತರ ಮೇಲೆ ಎಣಿಕೆ ತಪ್ಪುತ್ತದೆ. ಆದ್ದರಿಂದ ಹತ್ತು ಉಸಿರಿಗೊಂದು ಹುಣಿಸೆಬೀಜ ತೆಗೆದಿಡುವುದನ್ನು ನಾನು ಕಲಿಸಿದ್ದೇನೆ. ಹೋದ ತಿಂಗಳು ನೆರೆಮನೆಯ ಕೂಸಿಗೆ ಕೆಮ್ಮು ಬಂದಾಗ ಆಕೆ ಬೀಜಗಳನ್ನು ಹಿಡಿದುಕೊಂಡು ಹೋಗಿ, ನನ್ನ ತಮ್ಮನಿಗೆ ಗಡಿಯಾರ ನೋಡಲು ಹೇಳಿ, ಎಣಿಸಿ ಬಂದಳಂತೆ. ಮೂರು ಬೀಜ, ಮೇಲೆ ನಾಲ್ಕು ಉಸಿರು. “ಬರೀ ನೆಗಡಿ ಕಣ್ರೋ, ಹೆದರಬ್ಯಾಡಿ” ಎಂದು ಹೇಳಿ ಬಂದಳೆಂದು ಅಕ್ಕ ಫೋನಿನಲ್ಲಿ ಹೇಳಿ ನಕ್ಕಳು.

ನಾನು ನಗಲಿಲ್ಲ. ಅಂದು ಸಂಜೆ ನಾನು ಹೇಳಿದ ಮಾತೂ ಅದೇ ಆಗಿತ್ತು. ಅಜ್ಜಿ ಎಣಿಸಿ ಹೇಳಿದಳು. ನಾನು ಎಣಿಸದೆ ಹೇಳಿದ್ದೆ.